ಅಜ್ಜನ ಸ್ಪಾಟ್‌ಮ್ಯಾಟಿಕ್: ಹಿಂಬದಿಯ ಬಾಗಿಲು ತೆಗೆಯುವ ಮುನ್ನ

ಓದುಗರ ಪ್ರಶ್ನೆ: ಅಜ್ಜನ ಟ್ರಂಕಿನಲ್ಲಿ, ಚರ್ಮದ ಚೀಲದೊಳಗೆ, ಒಂದು ಅಸಾಹಿ ಪೆಂಟಾಕ್ಸ್ ಸ್ಪಾಟ್‌ಮ್ಯಾಟಿಕ್ ಕ್ಯಾಮೆರಾ ಸಿಕ್ಕಿತು. ಅದಕ್ಕೆ 50 ಮಿ.ಮೀ. ಸೂಪರ್ ಟಕುಮಾರ್ ಎಫ್/1.4 ಲೆನ್ಸ್ ಇದೆ. ಗಾಜು ಜೇನುತುಪ್ಪದ ಬಣ್ಣಕ್ಕೆ ತಿರುಗಿದೆ, ಅಂಚಿನಲ್ಲಿ ಜೇಡರ ಬಲೆಯಂಥದ್ದೇನೋ ಕಾಣುತ್ತದೆ. ಬೆಳಕು ಅಳೆಯುವ ಮೀಟರಿನ ಮುಳ್ಳು ಅಲುಗುತ್ತಿಲ್ಲ. ಫ್ರೇಮ್ ಎಣಿಸುವ ಮುಳ್ಳು 14ರಲ್ಲಿ ನಿಂತಿದೆ. ಈ ಲೆನ್ಸಿನಲ್ಲಿ ವಿಕಿರಣವಿದೆ, ಬಿಸಾಡು ಎಂದು ಗೆಳೆಯನೊಬ್ಬ ಹೆದರಿಸುತ್ತಿದ್ದಾನೆ. ಇದರಲ್ಲಿ ಈಗ ಫೋಟೊ ತೆಗೆಯಬಹುದೇ? ಹಳೆಯ ಕ್ಯಾಮೆರಾ, ಲೆನ್ಸುಗಳನ್ನು ಸಂಗ್ರಹಿಸುವ ಆಸೆಯೂ ಹುಟ್ಟಿದೆ. ಮುಂದೆ ಏನು ಕೊಳ್ಳಲಿ?

ಉತ್ತರ: ನೀವು ಹಗುರವಾಗಿ ಹೇಳಿ ಮುಂದೆ ಹೋದ ಮಾತೇ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿತು. ಎಣಿಕೆಯ ಮುಳ್ಳು 14ರಲ್ಲಿ ನಿಂತಿದೆ ಎಂದಿರಲ್ಲ, ದಯವಿಟ್ಟು ಹಿಂಬದಿಯ ಬಾಗಿಲನ್ನು ತೆಗೆಯಬೇಡಿ. ಸ್ಪಾಟ್‌ಮ್ಯಾಟಿಕ್‌ನಲ್ಲಿ ಬಾಗಿಲು ತೆಗೆದ ಕೂಡಲೇ ಆ ಮುಳ್ಳು ತಾನಾಗಿ ಶುರುವಿನ ಗುರುತಿಗೆ ಓಡಿಹೋಗುತ್ತದೆ. ಅದು ಇನ್ನೂ 14ರಲ್ಲೇ ಇದೆ ಎಂದರೆ ಬಾಗಿಲು ಕೊನೆಯ ಸಲ ಮುಚ್ಚಿದ ಮೇಲೆ ಯಾರೂ ಅದನ್ನು ತೆಗೆದಿಲ್ಲ. ಮನೆಯ ಮಕ್ಕಳು ಖಾಲಿ ಕ್ಯಾಮೆರಾವನ್ನು ಕಟಕಟ ಎನಿಸಿದ್ದರೂ ಮುಳ್ಳು ಅಷ್ಟು ದೂರ ಬರಬಹುದು, ಅದು ಬೇರೆ ಮಾತು. ಆದರೆ ಅಜ್ಜ ರೀಲು ಹಾಕಿ, ಹದಿನಾಲ್ಕು ಚಿತ್ರ ತೆಗೆದು, ಉಳಿದದ್ದನ್ನು ಇನ್ನೊಂದು ದಿನಕ್ಕೆಂದು ಇಟ್ಟಿದ್ದರೆ?

ತಿಳಿಯುವುದು ಸುಲಭ. ಮೇಲ್ಭಾಗದ ಎಡ ತುದಿಯಲ್ಲಿ, ಫಿಲ್ಮನ್ನು ಡಬ್ಬಿಗೆ ಮರಳಿ ಸುತ್ತುವ ರಿವೈಂಡ್ ಹಿಡಿ ಇದೆ. ಅದರ ಮಡಿಕೆ ಬಿಡಿಸಿ, ಬಾಣದ ದಿಕ್ಕಿನಲ್ಲಿ ಮೆಲ್ಲಗೆ ತಿರುಗಿಸಿ. ಗಿರಗಿರನೆ ಸುತ್ತಿದರೆ ಒಳಗೆ ಏನೂ ಇಲ್ಲ. ಅರ್ಧ ಸುತ್ತಿನಲ್ಲೇ ಬಿಗಿಯಾದರೆ ಒಳಗೆ ಫಿಲ್ಮ್ ಇದೆ, ಅಲ್ಲಿಗೇ ನಿಲ್ಲಿಸಿ. ಆಮೇಲಿನ ಕೆಲಸ ಪೂರ್ತಿ ಕತ್ತಲಲ್ಲಿ ಆಗಬೇಕು. ಕಿಟಕಿಯ ಸಂದನ್ನೂ ಬಿಡದೆ ಮುಚ್ಚಿದ ಕೋಣೆ, ಇಲ್ಲವೇ ಕೈ ತೂರಿಸಿ ಕೆಲಸ ಮಾಡುವ ಕಪ್ಪು ಚೇಂಜಿಂಗ್ ಬ್ಯಾಗ್. ತಳದಲ್ಲಿರುವ ಸಣ್ಣ ಗುಂಡಿಯನ್ನು ಒತ್ತಿ, ಹಿಡಿಯನ್ನು ನಿಧಾನವಾಗಿ ತಿರುಗಿಸುತ್ತ ಹೋಗಿ. ಹತ್ತಾರು ವರ್ಷ ಒಂದೇ ಕಡೆ ಬಾಗಿ ಕೂತ ಫಿಲ್ಮ್ ಗರಿಗರಿಯಾಗಿರುತ್ತದೆ, ಅವಸರ ಮಾಡಿದರೆ ಪಟ್ ಎಂದು ತುಂಡಾಗುತ್ತದೆ. ಕತ್ತಲು ಬೇಕೆಂದದ್ದು ಇದಕ್ಕೇ. ತುಂಡಾದರೂ ಕತ್ತಲಲ್ಲಿದ್ದರೆ ಚಿತ್ರ ಉಳಿಯುತ್ತದೆ. ಕೊನೆಯಲ್ಲಿ ಬಿಗಿ ಒಮ್ಮೆಲೇ ಸಡಿಲವಾಗುತ್ತದೆ, ಆಗ ಬಾಗಿಲು ತೆಗೆದು ಡಬ್ಬಿಯನ್ನು ಹೊರಗೆಳೆಯಿರಿ.

ಡಬ್ಬಿಯ ಮೇಲೆ ಬರೆದಿರುವುದನ್ನು ಬೆಳಕಿನಲ್ಲಿ ಓದಿ. ಕಪ್ಪು-ಬಿಳುಪಿನ ಫಿಲ್ಮ್ ಆಗಿದ್ದರೆ ನಿಮ್ಮ ಅದೃಷ್ಟ, ಐವತ್ತು ವರ್ಷದ ಮೇಲೂ ಮುಖಗಳು ಗುರುತು ಸಿಗುವಷ್ಟು ಮೂಡಿಬಂದದ್ದನ್ನು ನೋಡಿದ್ದೇನೆ. ಬಣ್ಣದ ನೆಗೆಟಿವ್ ಆಗಿದ್ದು, ಅದನ್ನು ತೊಳೆಯುವ ವಿಧಾನದ ಹೆಸರು ಸಿ-41 ಎಂದು ಅಚ್ಚಾಗಿದ್ದರೆ ಅದು 1972ರಿಂದ ಈಚಿನದು. ಆ ವಿಧಾನ ಇಂದಿಗೂ ಚಾಲ್ತಿಯಲ್ಲಿದೆ, ಆದರೆ ಅಷ್ಟು ಹಳೆಯ ಫಿಲ್ಮಿನಲ್ಲಿ ಬಣ್ಣಗಳು ಕದಡಿಹೋಗಿರುತ್ತವೆ. ನನ್ನನ್ನು ಕೇಳಿದರೆ ಅದನ್ನೂ ಕಪ್ಪು-ಬಿಳುಪಿನ ರಾಸಾಯನಿಕದಲ್ಲೇ ತೊಳೆಸಿ, ಚಿತ್ರ ಸಿಗುವ ಭರವಸೆ ಹೆಚ್ಚು. ಕೊಡಾಕ್ ಕಂಪನಿಯ ಬಣ್ಣದ ಸ್ಲೈಡ್ ಫಿಲ್ಮ್ ಕೊಡಾಕ್ರೋಮ್ ಆಗಿದ್ದರೆ ಬೇರೆ ದಾರಿಯೇ ಇಲ್ಲ. ಕೊಡಾಕ್ ಅದರ ತಯಾರಿಕೆ ನಿಲ್ಲಿಸಿದ್ದು 2009ರಲ್ಲಿ. ಅದನ್ನು ಬಣ್ಣದಲ್ಲಿ ತೊಳೆಯುತ್ತಿದ್ದ ಕೊನೆಯ ಪ್ರಯೋಗಾಲಯ, ಅಮೆರಿಕದ ಕಾನ್ಸಾಸ್ ರಾಜ್ಯದ ಪಾರ್ಸನ್ಸ್ ಊರಿನದು, 2010ರ ಕೊನೆಗೆ ರೋಲ್ ತೆಗೆದುಕೊಳ್ಳುವುದನ್ನೇ ನಿಲ್ಲಿಸಿತು. ಯಾವ ಫಿಲ್ಮೇ ಇರಲಿ, ತೊಳೆಯುವವರಿಗೆ ಅದರ ವಯಸ್ಸನ್ನು ಮೊದಲೇ ಹೇಳಿ. ವರ್ಷಗಟ್ಟಲೆಯ ಶಾಖ ಮತ್ತು ನೈಸರ್ಗಿಕ ವಿಕಿರಣದಿಂದ ಫಿಲ್ಮಿನ ತುಂಬ ಬೂದು ಮಂಜು ಕವಿದಿರುತ್ತದೆ. ಅದನ್ನು ತಡೆಯಲು ಚಿತ್ರ ಮೂಡಿಸುವ ದ್ರಾವಣವಾದ ಡೆವಲಪರಿಗೆ ಬೆನ್ಜೋಟ್ರಯಜೋಲ್ ಎಂಬ ರಾಸಾಯನಿಕ ಸೇರಿಸುವ ರೂಢಿ ಇದೆ, ತಿಳಿದವರು ತಾವೇ ಮಾಡುತ್ತಾರೆ. ದಿನಕ್ಕೆ ನೂರು ರೋಲನ್ನು ಯಂತ್ರಕ್ಕೆ ಉಣಿಸುವವರ ಕೈಗೆ ಇದನ್ನು ಕೊಡಬೇಡಿ.

ಈಗ ನಿಮ್ಮ ಗೆಳೆಯನ ಮಾತಿಗೆ ಬರೋಣ. ಅವನು ಹೇಳಿದ್ದು ಸುಳ್ಳಲ್ಲ, ಹೆದರಿಸಿದ್ದು ಮಾತ್ರ ಅತಿಯಾಯಿತು. 50 ಎಫ್/1.4 ಟಕುಮಾರ್‌ನ ಮೊದಲ ಮಾದರಿಯಲ್ಲಿ ಎಂಟು ಗಾಜುಗಳಿದ್ದವು. ಆಮೇಲೆ ಏಳು ಗಾಜಿನ ಮಾದರಿ ಬಂತು, ಅದರ ಹಿಂಭಾಗದ ಗಾಜಿಗೆ ಥೋರಿಯಂ ಆಕ್ಸೈಡ್ ಬೆರೆಸಿದರು. ಥೋರಿಯಂ ಬೆರೆತ ಗಾಜು ಬೆಳಕನ್ನು ಹೆಚ್ಚು ಬಾಗಿಸುತ್ತದೆ, ಆದರೂ ಬಣ್ಣಗಳನ್ನು ಅಷ್ಟಾಗಿ ಚದುರಿಸುವುದಿಲ್ಲ. ಲೆನ್ಸ್ ವಿನ್ಯಾಸ ಮಾಡುವವರಿಗೆ ಇದು ಹಬ್ಬದೂಟ. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಮಾನದಿಂದ ಚಿತ್ರ ತೆಗೆಯಲು ಬಳಸಿದ ಕೊಡಾಕ್ ಏರೋ ಎಕ್ಟರ್ ಲೆನ್ಸಿನಲ್ಲೂ ಇದೇ ಗಾಜು. ಥೋರಿಯಂ ಅರ್ಧದಷ್ಟು ಕರಗುವುದಕ್ಕೆ ಸುಮಾರು 1,400 ಕೋಟಿ ವರ್ಷ ಬೇಕು. ಹಾಗಾಗಿ ನಿಮ್ಮ ಲೆನ್ಸ್ ಅಜ್ಜ ಕೊಂಡ ದಿನ ಎಷ್ಟು ವಿಕಿರಣ ಸೂಸುತ್ತಿತ್ತೋ ಇವತ್ತೂ ಹೆಚ್ಚುಕಡಿಮೆ ಅಷ್ಟೇ ಸೂಸುತ್ತದೆ. ಅದರಲ್ಲಿ ಹೆಚ್ಚಿನದು ಆಲ್ಫಾ ಕಣ, ಒಂದು ಹಾಳೆ ಕಾಗದವನ್ನೂ ದಾಟಲಾರದು. ಉಳಿದದ್ದು ತೀರ ಕಡಿಮೆ. ಕ್ಯಾಮೆರಾದಲ್ಲಿ ಹಾಕಿ ಚಿತ್ರ ತೆಗೆಯುವವರು ನಿದ್ದೆಗೆಡಬೇಕಾಗಿಲ್ಲ. ಆದರೆ ಗಾಜನ್ನು ಉಜ್ಜಿ ಪುಡಿ ಮಾಡಬೇಡಿ. ಆ ಪುಡಿ ಉಸಿರಿನೊಡನೆ ಒಳಗೆ ಹೋದರೆ ಕೇಡು. ಲೆನ್ಸನ್ನು ಬಿಡಿಸಿ ಹಿಂಭಾಗದ ಗಾಜನ್ನು ಕಣ್ಣಿಗೆ ಒತ್ತಿ ಹಿಡಿದು ಭೂತಗನ್ನಡಿಯಾಗಿ ಬಳಸುವ ಚಟ ಬೇಡ. ಅಷ್ಟು ಸಾಕು.

ಜೇನುತುಪ್ಪದ ಬಣ್ಣಕ್ಕೂ ಇದೇ ಕಾರಣ. ಒಳಗಿನಿಂದ ಬಡಿಯುತ್ತಲೇ ಇರುವ ವಿಕಿರಣ ಗಾಜಿನ ರಚನೆಯಲ್ಲಿ ಸಣ್ಣಸಣ್ಣ ಗಾಯಗಳನ್ನು ಮಾಡುತ್ತದೆ, ಅವು ನೀಲಿ ಬೆಳಕನ್ನು ನುಂಗುತ್ತವೆ. ಸೊಗಸೆಂದರೆ, ನೇರಳಾತೀತ ಬೆಳಕು ಬಿದ್ದರೆ ಆ ಗಾಯಗಳು ಮಾಯುತ್ತವೆ. ಮುಂದೆ ಹಿಂದೆ ಎರಡೂ ಮುಚ್ಚಳ ತೆಗೆದು, ಬೆಳಕು ಹಾಯುವ ಕಂಡಿಯಾದ ಅಪರ್ಚರನ್ನು ಪೂರ್ತಿ ತೆರೆದು, ಹಿಂಭಾಗದ ಗಾಜು ಮೇಲೆ ಬರುವಂತೆ ನಿಲ್ಲಿಸಿ, ಕೆಳಗೆ ಅಲ್ಯೂಮಿನಿಯಂ ಹಾಳೆ ಹಾಸಿ, ನೇರಳಾತೀತ ಎಲ್‌ಇಡಿ ದೀಪದ ಕೆಳಗಿಡಿ. ಕೆಲವು ದಿನಗಳಲ್ಲಿ ಬಣ್ಣ ತೆಳುವಾಗುವುದು ನಿಮಗೇ ಗೊತ್ತಾಗುತ್ತದೆ. ಆ ದೀಪವನ್ನು ದಿಟ್ಟಿಸಿ ನೋಡಬೇಡಿ. ಬಿಸಿಲಲ್ಲಿ ಇಟ್ಟರೂ ನಡೆಯುತ್ತದೆ, ಕೆಲವು ವಾರ ಹಿಡಿದೀತು. ಆದರೆ ಎಫ್/1.4 ಲೆನ್ಸ್ ಎಂದರೆ ಒಳ್ಳೆಯ ಬೆಂಕಿಗಾಜು ಎಂಬುದನ್ನು ಮರೆಯಬೇಡಿ. ಪರದೆ, ಕಾಗದ, ಮರದ ಮೇಜಿನ ಹತ್ತಿರ ಇಟ್ಟು ಎದ್ದು ಹೋಗಬೇಡಿ. ಇನ್ನೊಂದು ಮಾತು, ನೀವು ಕಪ್ಪು-ಬಿಳುಪಿನಲ್ಲಿ ತೆಗೆಯುವುದಾದರೆ ಈ ಬಣ್ಣ ತೊಲಗಿಸಲೇಬೇಕೆಂದೇನಿಲ್ಲ. ಅದು ತೆಳುವಾದ ಹಳದಿ ಫಿಲ್ಟರಿನಂತೆ ಆಕಾಶವನ್ನು ಕೊಂಚ ಗಾಢ ಮಾಡಿ ಮೋಡಗಳನ್ನು ಎತ್ತಿ ತೋರಿಸುತ್ತದೆ. ನನ್ನ ಒಂದು ಟಕುಮಾರನ್ನು ಬೇಕೆಂದೇ ಹಾಗೆ ಬಿಟ್ಟಿದ್ದೇನೆ.

ಜೇಡರ ಬಲೆ ಎಂದಿರಲ್ಲ, ಅದು ಫಂಗಸ್. ಟಾರ್ಚಿನ ಬೆಳಕನ್ನು ಒಂದು ಕಡೆಯಿಂದ ಹಾಯಿಸಿ ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿದರೆ ಕವಲೊಡೆದ ಎಳೆಗಳು ಕಾಣುತ್ತವೆ. ಎಳೆಗಳಿಲ್ಲದೆ ಬರಿಯ ಮಂಜು ಕವಿದಂತಿದ್ದರೆ ಅದು ಎಣ್ಣೆಯ ಆವಿ ಕೂತದ್ದು. ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣ ಕಂಡರೆ ಎರಡು ಗಾಜುಗಳನ್ನು ಅಂಟಿಸಿದ ಅಂಟು ಬಿಡುತ್ತಿದೆ ಎಂದು ಅರ್ಥ, ಅದಕ್ಕೆ ಮದ್ದು ಕಷ್ಟ. ಧೂಳಿನ ಕಣಗಳಿಗೆ ತಲೆ ಕೆಡಿಸಿಕೊಳ್ಳಬೇಡಿ, ಚಿತ್ರದಲ್ಲಿ ಅವು ಕಾಣುವುದೇ ಇಲ್ಲ. ಅಂಚಿನಲ್ಲಿ ಮಾತ್ರ ಇರುವ ಫಂಗಸ್ ಕೂಡ ಚಿತ್ರವನ್ನು ಹಾಳು ಮಾಡುವುದು ಕಡಿಮೆ, ಎದುರಿನಿಂದ ಬೆಳಕು ಬಿದ್ದಾಗ ಕಾಂತಿ ತುಸು ತಗ್ಗುತ್ತದೆ ಅಷ್ಟೆ. ಆದರೆ ಬಿಟ್ಟರೆ ಅದು ಹಬ್ಬಿ, ಗಾಜಿನ ಮೇಲಿನ ಲೇಪವನ್ನು ತಿಂದು ಅಳಿಸಲಾಗದ ಗೀರು ಬಿಡುತ್ತದೆ. ಒಮ್ಮೆ ಬಲ್ಲವರಿಂದ ಬಿಚ್ಚಿಸಿ ಒರೆಸಿಸಿ. ಆ ಚರ್ಮದ ಚೀಲವನ್ನು ನೆನಪಿಗೆಂದು ಬೇರೆ ಕಡೆ ಇಡಿ. ಚರ್ಮ ತೇವ ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಫಂಗಸ್ಸಿಗೆ ಅದಕ್ಕಿಂತ ಒಳ್ಳೆಯ ತೊಟ್ಟಿಲಿಲ್ಲ. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ತೇವಾಂಶ ತೋರಿಸುವ ಸಣ್ಣ ಮಾಪಕ, ಇಷ್ಟಿದ್ದರೆ ಆಯಿತು. ಶೇಕಡಾ 40ರಿಂದ 50ರ ನಡುವೆ ಇರಲಿ.

ಇನ್ನು ಫಿಲ್ಮಿಗೆ ಬೆಳಕು ಬಿಡುವ ಕದ, ಶಟರ್. ಮಿಕ್ಕಿದ್ದೆಲ್ಲಕ್ಕಿಂತ ಹೆಚ್ಚಾಗಿ ಕ್ಯಾಮೆರಾದ ಜೀವ ಇರುವುದು ಇಲ್ಲಿ. ಸ್ಪಾಟ್‌ಮ್ಯಾಟಿಕ್‌ನದು ರಬ್ಬರು ಬಳಿದ ಬಟ್ಟೆಯ ಎರಡು ಪರದೆಗಳು. ಅಡ್ಡಡ್ಡ ಓಡುತ್ತವೆ, 1 ಸೆಕೆಂಡಿನಿಂದ 1/1000 ಸೆಕೆಂಡಿನವರೆಗೆ. ಇದಕ್ಕೆ ಬ್ಯಾಟರಿ ಬೇಡ. ಅಜ್ಜನ ರೀಲನ್ನು ಹೊರಗೆ ತೆಗೆದ ಮೇಲೆ ಬಾಗಿಲು ತೆರೆದಿಟ್ಟು, ಬೆಳಗುವ ಗೋಡೆಯ ಕಡೆ ಲೆನ್ಸ್ ತಿರುಗಿಸಿ, ಹಿಂದಿನಿಂದ ನೋಡುತ್ತ 1/1000ಕ್ಕೆ ಒತ್ತಿ. ಪೂರ್ತಿ ಆಯತ ಮಿಂಚಿದರೆ ಸರಿ. ಒಂದು ಬದಿ ಕತ್ತಲಾಗಿ ಕಂಡರೆ ಹಿಂದಿನ ಪರದೆ ಮುಂದಿನದನ್ನು ದಾರಿಯಲ್ಲೇ ಹಿಡಿದುಬಿಡುತ್ತಿದೆ. ನಿಧಾನದ ವೇಗಗಳಿಗೆ ಮೊಬೈಲ್ ಸಾಕು. ಸೆಕೆಂಡಿಗೆ 240 ಫ್ರೇಮಿನ ಸ್ಲೋಮೋಷನ್ ಹಾಕಿ ಶಟರನ್ನು ಚಿತ್ರಿಸಿದರೆ 1/30ಕ್ಕೆ ಬೆಳಕು ಸುಮಾರು ಎಂಟು ಫ್ರೇಮಿನಲ್ಲಿ, 1/60ಕ್ಕೆ ನಾಲ್ಕರಲ್ಲಿ ಕಾಣಬೇಕು. 1/30ಕ್ಕೆ ಹನ್ನೆರಡು ಕಂಡರೆ ಒಳಗಿನ ಗ್ರೀಸು ಒಣಗಿ ಗೋಂದಾಗಿದೆ. ಒಂದು ಸೆಕೆಂಡಿಗೆ ಇಟ್ಟಾಗ ಕಚಕ್ ಎಂದು ತೆರೆದು ಮುಚ್ಚಲು ಮರೆತುಹೋದರೂ ಗಾಬರಿಯಾಗಬೇಡಿ. ಇಪ್ಪತ್ತು ಮೂವತ್ತು ಸಲ ಖಾಲಿ ಹೊಡೆದರೆ ಎಷ್ಟೋ ಶಟರ್‌ಗಳು ಮೈಕೊಡವಿ ಎದ್ದುಬಿಡುತ್ತವೆ. ಹಳೆಯ ಕ್ಯಾಮೆರಾಗಳು ದುಡಿದು ಕೆಟ್ಟದ್ದಕ್ಕಿಂತ ಟ್ರಂಕಿನಲ್ಲಿ ಮಲಗಿ ಕೆಟ್ಟದ್ದನ್ನೇ ನಾನು ಹೆಚ್ಚು ನೋಡಿದ್ದೇನೆ.

ಎಣ್ಣೆ ಮಾತ್ರ ಬಿಡಬೇಡಿ. ಕಲಿಯುವ ಹುಮ್ಮಸ್ಸಿನಲ್ಲಿ ನಾನು ಒಂದು ಕ್ಯಾಮೆರಾಗೆ ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಬಿಟ್ಟೆ. ಮೂರು ದಿನ ಬೆಣ್ಣೆಯ ಹಾಗೆ ಓಡಿತು. ನಾಲ್ಕನೆಯ ದಿನ ಆ ಎಣ್ಣೆ ಹರಡಿ ಪರದೆಯ ಬಟ್ಟೆಗೂ ಲೆನ್ಸಿನ ಅಪರ್ಚರ್ ಎಲೆಗಳಿಗೂ ಹತ್ತಿ ಎಲ್ಲವೂ ಅಂಟಿಕೊಂಡಿತು. ಅದನ್ನು ಬಿಚ್ಚಿ ತೊಳೆದು ಕೊಟ್ಟ ಹಿರಿಯರು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು.

ಮೀಟರಿಗೆ ಬರೋಣ. ಮೊದಲು ಲೆನ್ಸಿನ ಬುಡದ ಪಕ್ಕದಲ್ಲಿರುವ ಗುಂಡಿಯನ್ನು ಮೇಲಕ್ಕೆ ತಳ್ಳಿದಿರಾ ನೋಡಿ, ಅದನ್ನು ತಳ್ಳದೆ ಮುಳ್ಳು ಅಲುಗುವುದಿಲ್ಲ. ಆಮೇಲೆ ತಳದ ಬ್ಯಾಟರಿ ಮುಚ್ಚಳ. ಒಳಗಿರುವುದು ಆ ಕಾಲದ 1.35 ವೋಲ್ಟಿನ ಪಾದರಸದ ಬ್ಯಾಟರಿ ಇರಬಹುದು, ಸೋರಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ, ಕಸದ ಬುಟ್ಟಿಗೂ ಎಸೆಯಬೇಡಿ. ಆ ಬ್ಯಾಟರಿ ಈಗ ಸಿಗುವುದಿಲ್ಲ. ಬೇರೆ ಎಷ್ಟೋ ಕ್ಯಾಮೆರಾಗಳಿಗೆ 1.55 ವೋಲ್ಟಿನ ಸಿಲ್ವರ್ ಆಕ್ಸೈಡ್ ಬ್ಯಾಟರಿ ಹಾಕಿದರೆ ಮೀಟರ್ ತಪ್ಪು ಹೇಳುತ್ತದೆ. ಆದರೆ ಸ್ಪಾಟ್‌ಮ್ಯಾಟಿಕ್ ಒಳಗಿರುವುದು ಬ್ರಿಡ್ಜ್ ಸರ್ಕ್ಯೂಟ್, ವೋಲ್ಟೇಜಿನ ಈ ಸಣ್ಣ ವ್ಯತ್ಯಾಸ ಅದಕ್ಕೆ ಲೆಕ್ಕಕ್ಕಿಲ್ಲ. ಸುತ್ತ ಒಂದು ರಬ್ಬರ್ ಉಂಗುರ ಹಾಕಿ ಸಣ್ಣ ಸಿಲ್ವರ್ ಆಕ್ಸೈಡ್ ಕೂರಿಸಿದರೆ ಆಯಿತು. ಹೆಸರಿನಲ್ಲಿ ಸ್ಪಾಟ್ ಇದೆ ಎಂದು ಮೋಸಹೋಗಬೇಡಿ. 1960ರಲ್ಲಿ ಮೊದಲು ತೋರಿಸಿದ ಮಾದರಿ ದೃಶ್ಯದ ನಡುವಿನ ಒಂದು ಚುಕ್ಕೆಯ ಬೆಳಕನ್ನು ಅಳೆಯುತ್ತಿತ್ತು, 1964ರಲ್ಲಿ ಮಾರಾಟಕ್ಕೆ ಬರುವಷ್ಟರಲ್ಲಿ ಇಡೀ ಚೌಕಟ್ಟಿನ ಸರಾಸರಿ ಅಳೆಯುವಂತೆ ಬದಲಾಯಿತು. ಹೆಸರು ಮಾತ್ರ ಹಾಗೇ ಉಳಿಯಿತು. ಆಕಾಶ ಹೆಚ್ಚು ಬಂದರೆ ಮೀಟರ್ ಏಮಾರುತ್ತದೆ, ಕ್ಯಾಮೆರಾ ತುಸು ಕೆಳಗೆ ಬಾಗಿಸಿ ಅಳೆದುಕೊಳ್ಳಿ.

ಮೀಟರ್ ಏಳದಿದ್ದರೂ ಚಿಂತೆಯಿಲ್ಲ. ಸುಡುವ ಬಿಸಿಲಿಗೆ ಅಪರ್ಚರನ್ನು ಎಫ್/16ಕ್ಕೆ ಇಟ್ಟು (ಎಫ್ ಅಂಕಿ ದೊಡ್ಡದಾದಷ್ಟೂ ಕಂಡಿ ಚಿಕ್ಕದು), ಫಿಲ್ಮಿನ ವೇಗ ಹೇಳುವ ಐಎಸ್‌ಒ ಅಂಕಿಗೆ ಹತ್ತಿರದ ಶಟರ್ ಇಟ್ಟರೆ ಸರಿಯಾಗುತ್ತದೆ, ಐಎಸ್‌ಒ 400 ಆದರೆ 1/500. ಮೋಡ ಕವಿದಿದ್ದರೆ ಅದೇ ವೇಗಕ್ಕೆ ಎಫ್/8, ಮೇಲೆ ಆಕಾಶ ತೆರೆದಿರುವ ನೆರಳಿಗೆ ಎಫ್/4. ಅನುಮಾನ ಬಂದಾಗ ನೆಗೆಟಿವ್ ಫಿಲ್ಮಿಗೆ ಒಂದು ಸ್ಟಾಪ್, ಎಂದರೆ ಎರಡು ಪಟ್ಟು, ಹೆಚ್ಚು ಬೆಳಕು ಕೊಡಿ, ಕಡಿಮೆ ಮಾಡಬೇಡಿ. ಸ್ಲೈಡ್ ಫಿಲ್ಮ್ ಮಾತ್ರ ಇದಕ್ಕೆ ವಿರುದ್ಧ. ಅದು ಅರ್ಧ ಸ್ಟಾಪಿನ ತಪ್ಪನ್ನೂ ಸಹಿಸದು, ಈ ಶಟರಿನ ಗುಣ ತಿಳಿಯುವವರೆಗೆ ಅದರ ತಂಟೆಗೆ ಹೋಗಬೇಡಿ.

ಮೊದಲ ರೋಲಿಗೆ ಇಲ್‌ಫೋರ್ಡ್ ಎಚ್‌ಪಿ5 ಪ್ಲಸ್ ಇಲ್ಲವೇ ಕೊಡಾಕ್ ಟ್ರೈ-ಎಕ್ಸ್ ಎಂಬ ಕಪ್ಪು-ಬಿಳುಪಿನ ಫಿಲ್ಮ್ ಹಾಕಿ. ಎರಡೂ ತಪ್ಪುಗಳನ್ನು ತುಂಬ ಕ್ಷಮಿಸುತ್ತವೆ, ಮನೆಯಲ್ಲೇ ತೊಳೆಯಬಹುದು. ಎಚ್‌ಪಿ5 ಪ್ಲಸ್ ಆದರೆ ಡಿ-76 ಡೆವಲಪರಿಗೆ ನೀರು ಬೆರೆಸದೆ, 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಏಳೂವರೆ ನಿಮಿಷ. ಫಿಲ್ಮ್ ಹಾಕಿ ಬಾಗಿಲು ಮುಚ್ಚಿದ ಮೇಲೆ, ಫಿಲ್ಮ್ ಮುಂದೂಡುವ ಸನ್ನೆ ಎಳೆಯುವಾಗ ರಿವೈಂಡ್ ಹಿಡಿ ತಾನೂ ಸುತ್ತುತ್ತಿದೆಯೇ ನೋಡಿ. ಸುತ್ತದಿದ್ದರೆ ಫಿಲ್ಮ್ ಹಲ್ಲಿಗೆ ಸಿಕ್ಕಿಲ್ಲ. ಇದನ್ನು ನೋಡದೆ ಒಮ್ಮೆ ನೆಂಟರ ಮದುವೆಯೊಂದನ್ನು ಇಡೀ ತೆಗೆದೆ. 36 ಚಿತ್ರಗಳ ರೋಲಿನಲ್ಲಿ ಎಣಿಕೆ 38 ದಾಟಿದಾಗ, ಆಹಾ ಈ ಕಂಪನಿಯವರು ಎಷ್ಟು ಧಾರಾಳಿಗಳು ಎಂದುಕೊಂಡದ್ದೂ ನೆನಪಿದೆ.

ಆ ಮೊದಲ ರೋಲಿನಲ್ಲಿ ಕಲೆ ಬೇಡ, ತಪಾಸಣೆ ಇರಲಿ. ಮೋಡದ ದಿನ ಒಂದು ಇಟ್ಟಿಗೆ ಗೋಡೆಯ ಮುಂದೆ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಇಟ್ಟು ಎಫ್/16ಕ್ಕೆ 1/125, ಎಫ್/11ಕ್ಕೆ 1/250, ಎಫ್/8ಕ್ಕೆ 1/500, ಎಫ್/5.6ಕ್ಕೆ 1/1000 ಹೀಗೆ ನಾಲ್ಕು ತೆಗೆಯಿರಿ, ಪ್ರತಿಯೊಂದನ್ನೂ ಬರೆದಿಡಿ. ನಾಲ್ಕು ನೆಗೆಟಿವ್‌ಗಳೂ ಒಂದೇ ಸಮ ಕಪ್ಪಾಗಿರಬೇಕು. 1/1000ದ್ದು ಹೆಚ್ಚು ಕಪ್ಪಾದರೆ ಶಟರ್ ನಿಧಾನ. 1/1000 ಎಂದದ್ದು 1/700ಕ್ಕೆ ಓಡಿದರೆ ಅದು ಅರ್ಧ ಸ್ಟಾಪ್ ಮಾತ್ರ, ರಿಪೇರಿಗೆ ಓಡಬೇಡಿ. ಚೌಕಟ್ಟಿನ ಒಂದು ಬದಿ ಬರಬರುತ್ತ ತೆಳುವಾಗಿದ್ದರೆ ಪರದೆಗಳ ಬಿಗಿ ತಪ್ಪಿದೆ. ಎಲ್ಲ ಚಿತ್ರಗಳಲ್ಲೂ ಒಂದೇ ಜಾಗದಲ್ಲಿ ಕಪ್ಪು ಚುಕ್ಕೆ ಬಂದರೆ ಬಟ್ಟೆಗೆ ಸೂಜಿಮೊನೆಯಷ್ಟು ತೂತು. ಅಂಚಿನ ತೂತುಗಳ ಸಾಲಿನಿಂದ ಕಪ್ಪು ಹೊಗೆಯಂತೆ ಒಳಕ್ಕೆ ಹರಿದಿದ್ದರೆ ಬಾಗಿಲ ಸಂದಿನಿಂದ ಬೆಳಕು ನುಗ್ಗುತ್ತಿದೆ. ಹಳೆಯ ಸ್ಪಂಜು ಜಿಗುಟಾಗಿ ಕರಗಿರುತ್ತದೆ, ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಕೆರೆದು ಹೊಸದು ಅಂಟಿಸುವುದು ಒಂದು ಸಂಜೆಯ ಕೆಲಸ. ಕನ್ನಡಿ ಎದ್ದು ಬಡಿಯುವ ಜಾಗದ ಸ್ಪಂಜನ್ನೂ ಮರೆಯಬೇಡಿ.

ಸಂಗ್ರಹದ ಆಸೆಗೆ ಬಂದರೆ, ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬೇಡಿ. ಈ ಕ್ಯಾಮೆರಾದಲ್ಲಿ ಮೂರು ರೋಲ್ ಮುಗಿಸಿ. ಆಮೇಲೂ ಆಸೆ ಇದ್ದರೆ ಇನ್ನೊಂದು ಕ್ಯಾಮೆರಾ ಬೇಡ, ಲೆನ್ಸ್ ಕೊಳ್ಳಿ. ನಿಮ್ಮ ಕೈಗೆ ಬಂದಿರುವುದು ಲೆನ್ಸನ್ನು ಕ್ಯಾಮೆರಾಗೆ ಕೂರಿಸುವ ಎಂ42 ಎಂಬ ತಿರುಪು. 42 ಮಿ.ಮೀ. ಅಗಲ, ಎಳೆಯಿಂದ ಎಳೆಗೆ 1 ಮಿ.ಮೀ. ಅಂತರ. 1949ರ ಜರ್ಮನ್ ಕ್ಯಾಮೆರಾ ಕಾಂಟ್ಯಾಕ್ಸ್ ಎಸ್‌ನಲ್ಲಿ ಬಂದ ಇದೇ ತಿರುಪನ್ನು ಪ್ರಾಕ್ಟಿಕಾ, ಜೆನಿತ್, ಯಾಶಿಕಾ, ಫ್ಯೂಜಿಕಾ, ಚಿನಾನ್ ಎಲ್ಲರೂ ಬಳಸಿದರು. ಪೆಂಟಾಕ್ಸ್ 1975ರಲ್ಲಿ ಕೈಬಿಡುವವರೆಗೂ ಇದನ್ನೇ ನಂಬಿತ್ತು. ಹಾಗಾಗಿ ದೇಶದೇಶಗಳ ಲೆನ್ಸುಗಳು ನಿಮ್ಮ ಅಜ್ಜನ ಕ್ಯಾಮೆರಾಗೆ ಕೂರುತ್ತವೆ. ಸೋವಿಯತ್ ಒಕ್ಕೂಟದ ಹೀಲಿಯೋಸ್ 44-2 ಜರ್ಮನಿಯ ಜೈಸ್ ಕಂಪನಿಯ ಬಯೋಟಾರ್ ಲೆನ್ಸಿನ ನಕಲು, ಎಫ್/2ರಲ್ಲಿ ಹಿಂದಿನ ಎಲೆಗಳನ್ನೆಲ್ಲ ಸುಳಿಯಂತೆ ಸುತ್ತಿಸುತ್ತದೆ. ಎರಡು ರೋಲಿಗೆ ಚೆಂದ, ಮೂರನೆಯದಕ್ಕೆ ತಲೆಸುತ್ತು. ನನ್ನ ಆಯ್ಕೆ 35 ಎಫ್/3.5 ಟಕುಮಾರ್. ಸಣ್ಣದು, ಸದ್ದಿಲ್ಲದ್ದು, ಯಾರೂ ಹೊಗಳುವುದಿಲ್ಲ, ಎಲ್ಲಿಗೂ ಒಯ್ಯಬಹುದು. ಮಿರರ್‌ಲೆಸ್ ಡಿಜಿಟಲ್ ಕ್ಯಾಮೆರಾ ಇದ್ದರೆ ಎಂ42 ಅಡಾಪ್ಟರ್ ಹಾಕಿ, ಲೆನ್ಸಿನ ಗುಂಡಿಯನ್ನು ಮ್ಯಾನುಯಲ್‌ಗೆ ಸರಿಸಿ, ಫಿಲ್ಮ್ ಖರ್ಚಿಲ್ಲದೆ ಪರೀಕ್ಷಿಸಬಹುದು.

ಕ್ಯಾಮೆರಾವನ್ನೇ ಕೊಳ್ಳಬೇಕೆಂದರೆ, ಬೆಳ್ಳಗಿರುವುದೆಲ್ಲ ಹಾಲಲ್ಲ. ಹೊಳೆಯುವ ಮೈಗಿಂತ ಅಂಚಿನ ಬಣ್ಣ ಸವೆದು ಹಿತ್ತಾಳೆ ಇಣುಕುವ ಮೈಯನ್ನು ನಾನು ಹೆಚ್ಚು ನಂಬುತ್ತೇನೆ, ಅದನ್ನು ಯಾರೋ ಬಳಸುತ್ತಿದ್ದರು. ಪರೀಕ್ಷಿಸಿಲ್ಲ ಎಂದು ಮಾರುವವರು ಬರೆದಿದ್ದರೆ ಪರೀಕ್ಷಿಸಿ ನಿರಾಶರಾಗಿದ್ದಾರೆ ಎಂದು ಓದಿಕೊಳ್ಳಿ. ಪೂರ್ತಿ ಎಲೆಕ್ಟ್ರಾನಿಕ್ ಕ್ಯಾಮೆರಾಗಳ ಸರ್ಕ್ಯೂಟ್ ಸತ್ತರೆ ಬಿಡಿಭಾಗ ಸಿಗುವುದು ಕಷ್ಟ, ಯಾಂತ್ರಿಕ ಶಟರ್ ಆದರೆ ತಿದ್ದಬಹುದು. ಸೋವಿಯತ್ ಜೋರ್ಕಿ, ಫೆಡ್ ಕ್ಯಾಮೆರಾ ಕೈಗೆ ಬಂದರೆ ಮೊದಲು ಫಿಲ್ಮ್ ಸುತ್ತಿ, ಆಮೇಲೆ ಶಟರ್ ವೇಗ ಬದಲಿಸಿ. ಅದಲುಬದಲಾದರೆ ಒಳಗೆ ಹಲ್ಲು ಮುರಿದೀತು. ಅವೇ ಕ್ಯಾಮೆರಾಗಳ ಮೇಲೆ ದುಬಾರಿ ಜರ್ಮನ್ ಕ್ಯಾಮೆರಾದ ಹೆಸರು ಲೈಕಾ ಎಂದು ಕೆತ್ತಿ, ಯುದ್ಧಕಾಲದ ಹದ್ದಿನ ಮುದ್ರೆ ಒತ್ತಿ ಮಾರುವವರೂ ಇದ್ದಾರೆ. ಅಪರೂಪದ್ದು ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗುವ ಮುಂಚೆ ಒಂದು ರಾತ್ರಿ ಕಳೆಯಲಿ. ಕೊಳ್ಳಲು ಹೋಗುವಾಗ ಜೇಬಿನಲ್ಲಿ ಒಂದು ಟಾರ್ಚು, ಹಾಳಾದ ಒಂದು ರೋಲ್ ಇರಲಿ. ಆ ರೋಲನ್ನು ಹಾಕಿ ಸುತ್ತಿ ನೋಡಿದರೆ ಮಾರುವವರ ಮಾತಿಗಿಂತ ಹೆಚ್ಚು ತಿಳಿಯುತ್ತದೆ.

ಇದೆಲ್ಲ ಆಮೇಲಿನ ಮಾತು. ಇವತ್ತು ರಾತ್ರಿ ದೀಪ ಆರಿಸಿ ಆ ರಿವೈಂಡ್ ಹಿಡಿಯನ್ನು ಅರ್ಧ ಸುತ್ತು ತಿರುಗಿಸಿ ನೋಡಿ. ಬಿಗಿಯಾದರೆ, ಡಬ್ಬಿಯ ಮೇಲೆ ಏನು ಬರೆದಿದೆ ಎಂದು ನನಗೂ ತಿಳಿಸಿ.